ಯಜಮಾನನಿಲ್ಲದ ದಿನ

೧೮೬೧ನೆಯ ಇಸವಿಯ ಮೇ ತಿಂಗಳಲ್ಲಿ ಒಂದು ದಿನ ಬೆಳಗ್ಗೆ, ಫ್ರಾನ್ಸ್ ದೇಶದ ಕೊಮಾಂತ್ರಿ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ ಒಂದು ಕುದುರೆಯ ಕಾಲು ಮುರಿಯಿತು. ಆ ಕಾಲದಲ್ಲಿ ಗಣಿಯೊಳಗೆ ಇದ್ದಲಿನ ತೊಟ್ಟಿಗಳನ್ನು ಎಳೆಯುತ್ತಿದ್ದುದು ಕುದುರೆಗಳು. ಕುದುರೆ ನಿಂತರೆ ತೊಟ್ಟಿ ನಿಲ್ಲುತ್ತದೆ. ತೊಟ್ಟಿ ನಿಂತರೆ ಅಗೆಯುವವರ ಕೈಯೂ ನಿಲ್ಲುತ್ತದೆ. ಅಲ್ಲಿ ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷವೂ ತುಂಬದಿದ್ದ ತರುಣ ಇಂಜನಿಯರೊಬ್ಬನು ಬೇರೊಂದು ಕುದುರೆಯನ್ನು ಕಳುಹಿಸಬೇಕೆಂದು ಚೀಟಿ ಬರೆದು ಲಾಯಕ್ಕೆ ಅಟ್ಟಿದನು. ಲಾಯದವನು ಚೀಟಿಯನ್ನು ತಿರುವಿ ನೋಡಿ, ಇದರಲ್ಲಿ ಡೈರೆಕ್ಟರವರ ರುಜುವಿಲ್ಲ, ಕುದುರೆಯನ್ನು ಕೊಡಲಾಗದು ಎಂದನು. ಡೈರೆಕ್ಟರು ಅಂದು ಊರಿನಲ್ಲಿರಲಿಲ್ಲ. ಅವರ ಸ್ಥಾನದಲ್ಲಿ ರುಜು ಹಾಕತಕ್ಕವರು ಯಾರೆಂಬುದನ್ನು ಅವರು ಯಾರಿಗೂ ಹೇಳಿ ಹೋಗಿರಲಿಲ್ಲ. ಇಂಜನಿಯರು ಎಷ್ಟು ಬೇಡಿಕೊಂಡರೂ ಲಾಯದವನು ಜಗ್ಗಲಿಲ್ಲ. ಲಾಯದಲ್ಲಿ ಕುದುರೆಯಿತ್ತು, ಗಣಿಯಲ್ಲಿ ಜನರಿದ್ದರು, ನೆಲದಲ್ಲಿ ಇದ್ದಲಿತ್ತು. ಆದರೂ ಆ ಅಂತಸ್ತಿನ ಕೆಲಸವೆಲ್ಲ ಆ ದಿನ ನಿಂತುಹೋಯಿತು.

ಆ ತರುಣನ ಹೆಸರು ಆನ್ರಿ ಫಯೋಲ್. ಅವನಿಗೆ ಆಗ ಇಪ್ಪತ್ತು ವರ್ಷ ತುಂಬಿರಲಿಲ್ಲ. ಅವನು ಈ ಸಂಗತಿಯನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡನು. ಬಹುಕಾಲ ಅದನ್ನು ಮನಸ್ಸಿನಲ್ಲಿ ಮಥಿಸುತ್ತಲೂ ಇದ್ದನು. ತಪ್ಪು ಯಾರದು? ಲಾಯದವನು ತನಗೆ ಕೊಟ್ಟಿದ್ದ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದನು. ಡೈರೆಕ್ಟರು ಕಾರ್ಯಾರ್ಥವಾಗಿ ಊರು ಬಿಟ್ಟದ್ದರಲ್ಲಿ ದೋಷವಿಲ್ಲ. ಕುದುರೆಯ ಕಾಲು ಮುರಿಯುವುದಂತೂ ಯಾರ ಕೈಯಲ್ಲಿಯೂ ಇಲ್ಲ. ಗಣಿವಿದ್ಯೆಯ ಶಾಲೆಯಲ್ಲಿ ಫಯೋಲನಿಗೆ ಶಿಲೆಗಳ ವಿಚಾರ, ಯಂತ್ರಗಳ ವಿಚಾರ, ಗಣಿತ, ರಸಾಯನ ಎಲ್ಲವನ್ನೂ ಕಲಿಸಿದ್ದರು. ಆದರೆ ಆ ದಿನ ಕೆಟ್ಟದ್ದು ಇವುಗಳಲ್ಲಿ ಯಾವುದೂ ಅಲ್ಲ. ಕೆಟ್ಟದ್ದಕ್ಕೆ ಒಂದು ಹೆಸರೇ ಆಗ ಇರಲಿಲ್ಲ.

ಇಂಥ ಪ್ರಸಂಗಗಳು ನಮಗೇನೂ ಹೊಸತಲ್ಲ. ಈ ಲೇಖಕನು ಒಮ್ಮೆ ಒಂದು ಕಚೇರಿಯಲ್ಲಿ ಒಂದು ಕಾಗದಕ್ಕೆ ಮೊಹರು ಹಾಕಿಸಿಕೊಳ್ಳಲು ಮೂರು ದಿನ ತಿರುಗಬೇಕಾಯಿತು. ಮೊಹರು ಬೀರುವಿನಲ್ಲಿತ್ತು, ಬೀರು ಕಣ್ಣೆದುರಿಗೇ ಇತ್ತು. ಬೀಗದ ಕೈ ಮಾತ್ರ ರಜೆಯ ಮೇಲೆ ಹೋದವರ ಜೇಬಿನಲ್ಲಿತ್ತು. ಅಲ್ಲಿದ್ದ ಗುಮಾಸ್ತರು ಬಹಳ ಸಜ್ಜನರು. ನನ್ನೊಡನೆ ಅವರೂ ಮನಸಾರೆ ನೊಂದುಕೊಂಡರು.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ನಾವು ಕಂಡಿದ್ದೇವೆ. ಮದುವೆಯ ಮನೆಯಲ್ಲಿ ಒಬ್ಬ ಹಿರಿಯರಿರುತ್ತಾರೆ. ಅವರು ಅಡಿಗೆ ಮಾಡುವುದಿಲ್ಲ, ಚಪ್ಪರ ಕಟ್ಟುವುದಿಲ್ಲ, ಮಂತ್ರ ಹೇಳುವುದಿಲ್ಲ. ಹೆಗಲ ಮೇಲೊಂದು ವಲ್ಲಿ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿರುತ್ತಾರೆ, ಅಷ್ಟೆ. ಆದರೆ ಬೀಗರು ಬಸ್ಸಿನಿಂದ ಇಳಿಯುವ ಹೊತ್ತಿಗೆ ಬಿಸಿನೀರು ಕಾದಿರುತ್ತದೆ. ಎರಡನೆಯ ಪಂಕ್ತಿ ಕೂರುವ ಹೊತ್ತಿಗೆ ಎಲೆ ಬಿದ್ದಿರುತ್ತದೆ. ಉಗ್ರಾಣದಲ್ಲಿ ತುಪ್ಪ ಮುಗಿಯುವ ಮೊದಲೇ ಇನ್ನೊಂದು ಡಬ್ಬ ಬಂದಿರುತ್ತದೆ. ಅವರು ಒಂದು ಗಳಿಗೆ ಮಲಗಿ ಎದ್ದರೂ ಕೆಲಸ ಕೆಡುವುದಿಲ್ಲ. ಏಕೆಂದರೆ ಉಗ್ರಾಣದ ಬೀಗದ ಕೈ ಯಾರ ಹತ್ತಿರವಿರಬೇಕೆಂಬುದನ್ನು ಮಲಗುವ ಮೊದಲೇ ಹೇಳಿರುತ್ತಾರೆ. ನಮ್ಮ ಹಿಂದಿನವರು ದೇವಸ್ಥಾನಗಳಲ್ಲಿ ಈ ಕೆಲಸಕ್ಕೆ ಪಾರುಪತ್ಯವೆಂದೂ ಅದನ್ನು ಮಾಡುವವನಿಗೆ ಪಾರುಪತ್ಯಗಾರನೆಂದೂ ಹೆಸರಿಟ್ಟಿದ್ದರು. ಇಂದು ಮ್ಯಾನೇಜ್‌ಮೆಂಟ್ ಎಂತಲೂ ನಿರ್ವಹಣೆ ಎಂತಲೂ ಕರೆಯುತ್ತೇವೆ. ಪ್ರಶ್ನೆಯೇನೆಂದರೆ, ಇದು ಕೆಲವರಿಗೆ ಹುಟ್ಟಿನಿಂದ ಬಂದ ಚಾತುರ್ಯವೋ, ಅಥವಾ ವೈದ್ಯದಂತೆ, ಶಿಲ್ಪದಂತೆ ಕಲಿತು ಬರತಕ್ಕ ವಿದ್ಯೆಯೋ?

ಕಲಿತು ಬರತಕ್ಕದ್ದು ಎಂದು ಧೈರ್ಯವಾಗಿ ಹೇಳಿದವರಲ್ಲಿ ಫಯೋಲನೇ ಮೊದಲಿಗನೆಂದರೆ ಹೆಚ್ಚಿನ ತಪ್ಪಾಗಲಾರದು. ಅವನು ಗಣಿಗಳೊಳಗಿನ ಬೆಂಕಿಯನ್ನು ಆರಿಸುವ ವಿಚಾರದಲ್ಲಿ ಮೊದಲು ಹೆಸರು ಪಡೆದನು. ಇಪ್ಪತ್ತೈದರ ವಯಸ್ಸಿನಲ್ಲಿಯೇ ಕೊಮಾಂತ್ರಿ ಗಣಿಯ ಮುಖ್ಯಸ್ಥನಾದನು. ೧೮೮೮ರಲ್ಲಿ ಇಡೀ ಕಂಪನಿಯ ಆಡಳಿತವು ಅವನ ಕೈಗೆ ಬಂತು. ಆಗ ಆ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಪಾಲುದಾರರಿಗೆ ಲಾಭಾಂಶ ಹಂಚಿ ಕೆಲವು ವರ್ಷಗಳಾಗಿದ್ದವು. ೧೯೧೮ರಲ್ಲಿ ಅವನು ನಿವೃತ್ತನಾದಾಗ ಅದು ಫ್ರಾನ್ಸಿನ ಗಟ್ಟಿ ಕಂಪನಿಗಳಲ್ಲಿ ಒಂದಾಗಿತ್ತು. ಇದು ತನ್ನ ಪ್ರತಿಭೆಯ ಫಲವೆಂದು ಹೇಳಿಕೊಳ್ಳುವುದು ಅವನಿಗೆ ಸುಲಭವಾಗಿತ್ತು. ಅವನು ಹಾಗೆ ಹೇಳಲಿಲ್ಲ. ಫಲ ಬದಲಾದದ್ದು ಆಡಳಿತದ ವಿಧಾನ ಬದಲಾದದ್ದರಿಂದ; ವಿಧಾನವೆಂದಮೇಲೆ ಅದನ್ನು ಬರೆದಿಡಬಹುದು, ಬರೆದಿಟ್ಟದ್ದನ್ನು ಕಲಿಸಬಹುದು ಎಂದನು. ೧೯೧೬ರಲ್ಲಿ ಪ್ರಕಟವಾದ ಅವನ ಗ್ರಂಥವು ನಿರ್ವಾಹಕನ ಕೆಲಸವನ್ನು ಐದಾಗಿ ವಿಂಗಡಿಸಿತು: ಮುಂದಾಲೋಚಿಸುವುದು, ವ್ಯವಸ್ಥೆಗೊಳಿಸುವುದು, ಆಜ್ಞೆ ಕೊಡುವುದು, ಒಂದಕ್ಕೊಂದನ್ನು ಹೊಂದಿಸುವುದು, ಆದದ್ದನ್ನು ಪರೀಕ್ಷಿಸಿ ತಿದ್ದುವುದು. ಇಂದಿನ ಪಠ್ಯಪುಸ್ತಕಗಳಲ್ಲಿಯೂ ಈ ಐದು ಸ್ವಲ್ಪ ವೇಷ ಬದಲಿಸಿಕೊಂಡು ಕುಳಿತಿವೆ.

ಅವನ ಮತ್ತೊಂದು ಮಾತು ಇಂಜನಿಯರುಗಳಿಗೆ ಅಷ್ಟು ರುಚಿಸಲಿಲ್ಲ. ಕೆಲಸಗಾರನಿಗೆ ಬೇಕಾದ ಗುಣಗಳಲ್ಲಿ ಬಹುಪಾಲು ಅವನವನ ಕಸುಬಿನ ಕೌಶಲ. ಆದರೆ ಮನುಷ್ಯನು ಮೇಲಿನ ಮೆಟ್ಟಿಲಿಗೆ ಏರಿದಂತೆಲ್ಲ ಕಸುಬಿನ ಪಾಲು ಕುಗ್ಗುತ್ತ ಹೋಗಿ ಆಡಳಿತದ ಪಾಲು ಹಿಗ್ಗುತ್ತದೆ ಎಂದು ಅವನು ಕೋಷ್ಟಕ ಹಾಕಿ ತೋರಿಸಿದನು. ಉಚ್ಚ ಗಣಿತದ ಮೇಲೆ ಶಾಲೆಗಳು ಇಡುವ ಭಾರ ಅತಿಯಾಯಿತೆಂದೂ, ತನ್ನ ದೀರ್ಘ ಜೀವನದಲ್ಲಿ ತ್ರೈರಾಶಿಯೇ ಸಾಕಾಯಿತೆಂದೂ ಹೇಳಿದನು. ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಗಣಿತ ತಿಳಿಯದ ನಿರ್ವಾಹಕನನ್ನು ಇತರರು ಮೋಸಗೊಳಿಸುವುದು ಸುಲಭ. ಆದರೆ ಉತ್ತಮ ಇಂಜನಿಯರನ್ನು ಬಡ್ತಿ ಕೊಟ್ಟು ಮ್ಯಾನೇಜರನ್ನಾಗಿ ಮಾಡಿದಾಗ ಒಬ್ಬ ಒಳ್ಳೆಯ ಇಂಜನಿಯರನ್ನು ಕಳೆದುಕೊಂಡು ಒಬ್ಬ ಕೆಟ್ಟ ಮ್ಯಾನೇಜರನ್ನು ಪಡೆಯುವ ಸಂಭವವುಂಟು ಎಂಬುದನ್ನು ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು.

ಫಯೋಲನು ಮೇಲಿನ ಅಂತಸ್ತಿನಿಂದ ನೋಡಿದನು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಬ್ಬನು ಕೆಳಗಿನ ನೆಲದಿಂದ ನೋಡುತ್ತಿದ್ದನು. ಫ್ರೆಡರಿಕ್ ಟೇಲರ್ ೧೮೭೮ರಲ್ಲಿ ಫಿಲಡೆಲ್ಫಿಯದ ಉಕ್ಕಿನ ಕಾರ್ಖಾನೆಯೊಂದಕ್ಕೆ ಕೂಲಿಗಾರನಾಗಿ ಸೇರಿ ಮುಖ್ಯ ಇಂಜನಿಯರನ ಹುದ್ದೆಗೆ ಏರಿದವನು. ಅವನ ಆಯುಧ ನಿಲುಗಡಿಯಾರ. ಶತಮಾನದ ಕೊನೆಯಲ್ಲಿ ಅವನು ಬೆತ್ಲಹೆಮ್ ಎಂಬಲ್ಲಿ ಮಾಡಿದ ಸಲಿಕೆಯ ಪ್ರಯೋಗ ಪ್ರಸಿದ್ಧವಾಗಿದೆ. ಕೂಲಿಗಾರರು ತಂತಮ್ಮ ಸಲಿಕೆಗಳನ್ನೇ ತರುತ್ತಿದ್ದರು. ಅದೇ ಸಲಿಕೆಯಿಂದ ಪುಡಿಯಿದ್ದಲನ್ನು ಎತ್ತಿದರೆ ಒಂದು ಸಲಕ್ಕೆ ಮೂರೂವರೆ ಪೌಂಡು, ಕಬ್ಬಿಣದ ಅದಿರನ್ನು ಎತ್ತಿದರೆ ೩೮ ಪೌಂಡು. ಸಲಕ್ಕೆ ಎಷ್ಟು ಎತ್ತಿದರೆ ದಿನದ ಕೊನೆಗೆ ಒಟ್ಟು ಹೆಚ್ಚಾಗುತ್ತದೆ? ಟೇಲರ್ ಅಳೆದು ನೋಡಿದನು. ಸುಮಾರು ೨೧ ಪೌಂಡು, ಎಂದರೆ ಒಂಬತ್ತೂವರೆ ಕಿಲೋ ಎಂದು ತೇಲಿತು. ಆಮೇಲೆ ಹಗುರವಾದ ಪದಾರ್ಥಕ್ಕೆ ಅಗಲವಾದ ಸಲಿಕೆ, ಭಾರವಾದದ್ದಕ್ಕೆ ಚಿಕ್ಕ ಸಲಿಕೆ ಎಂದು ಕಾರ್ಖಾನೆಯೇ ಸಲಿಕೆಗಳನ್ನು ಒದಗಿಸಿತು. ಕೆಲಸವೂ ಹೆಚ್ಚಿತು, ಕೂಲಿಯೂ ಹೆಚ್ಚಿತು. ಕೂಲಿಗಾರರ ಸಂಖ್ಯೆ ಮಾತ್ರ ಕಡಿಮೆಯಾಯಿತು.

ಸಲಿಕೆಯಷ್ಟು ಸಾಮಾನ್ಯವಾದ ವಸ್ತುವಿನಲ್ಲಿಯೂ ಶಾಸ್ತ್ರವಡಗಿದೆ ಎಂದು ತೋರಿಸಿದ್ದು ಟೇಲರನ ಹಿರಿಮೆ. ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಯೋಚಿಸುವ ಕೆಲಸವೆಲ್ಲ ಕಚೇರಿಯಲ್ಲಿ ಆಗಬೇಕು, ಕೆಲಸದ ಕೊಠಡಿಯಲ್ಲಿ ಹೇಳಿದ್ದನ್ನು ಮಾಡಿದರೆ ಸಾಕು ಎಂಬುದು ಅವನ ಸಿದ್ಧಾಂತವಾಯಿತು. ಕೈಗಳು ಕೆಳಗೆ, ತಲೆ ಮೇಲೆ. ೧೯೧೧ರಲ್ಲಿ ವಾಟರ್‌ಟೌನ್ ಎಂಬಲ್ಲಿನ ಸರಕಾರೀ ಶಸ್ತ್ರಾಗಾರದಲ್ಲಿ ಅಚ್ಚು ಹೊಯ್ಯುವವರ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತಾಗ ಅವರು ಕೆಲಸ ಬಿಟ್ಟು ಹೊರಗೆ ನಡೆದರು. ಅವರ ಕೋಪ ಕೂಲಿಯ ವಿಚಾರಕ್ಕಲ್ಲ. ಇಪ್ಪತ್ತು ವರ್ಷ ಪಳಗಿದ ಕೈಯನ್ನು ಆ ಕಸುಬನ್ನರಿಯದವನು ಅಳೆಯುವುದೇ ಅವರಿಗೆ ಅವಮಾನವೆನಿಸಿತು. ಅಮೆರಿಕದ ಶಾಸನಸಭೆ ವಿಚಾರಣೆ ನಡೆಸಿತು. ಟೇಲರ್ ಸ್ವತಃ ಬಂದು ಸಾಕ್ಷ್ಯ ನುಡಿಯಬೇಕಾಯಿತು.

ಆ ತಲೆಯನ್ನು ಮತ್ತೆ ಕೈಗಳ ಹತ್ತಿರಕ್ಕೆ ತಂದರೆ ಏನಾದೀತು? ಇದರ ಒಂದು ಸುಂದರವಾದ ಪರೀಕ್ಷೆ ನಡೆದದ್ದು ಭಾರತದಲ್ಲಿ, ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ, ೧೯೫೩ರಲ್ಲಿ. ಗಿರಣಿಯವರು ಹಿಂದಿನ ವರ್ಷವಷ್ಟೇ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದ್ದರು. ಹಣ ನೀರಿನಂತೆ ಖರ್ಚಾಗಿತ್ತು. ಬಟ್ಟೆ ಮಾತ್ರ ನಿರೀಕ್ಷಿಸಿದಷ್ಟು ಬರಲಿಲ್ಲ, ಬಂದದ್ದರಲ್ಲಿ ಕೆಟ್ಟದ್ದೂ ಬಹಳ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬಾತನನ್ನು ಕರೆಸಿ ತೋರಿಸಿದರು. ೨೨೪ ಮಗ್ಗಗಳಿದ್ದ ಒಂದು ಶಾಲೆಯಲ್ಲಿ ಒಂದು ಪಾಳಿಗೆ ೨೯ ಜನ ಕೆಲಸ ಮಾಡುತ್ತಿದ್ದರು. ಅವರನ್ನು ಹನ್ನೆರಡು ಬಗೆಯ ಕೆಲಸಗಳಿಗೆ ಹಂಚಿತ್ತು. ನೇಯುವವನೊಬ್ಬ, ಉರುಳೆ ತುಂಬುವವನೊಬ್ಬ, ಹರಿದ ಹಾಸು ಕೂಡಿಸುವವನೊಬ್ಬ, ಎಣ್ಣೆ ಬಿಡುವವನೊಬ್ಬ, ಗುಡಿಸುವವನೊಬ್ಬ. ಟೇಲರನ ಶಾಸ್ತ್ರದಂತೆ ಪ್ರತಿಯೊಬ್ಬನ ಕೆಲಸವನ್ನೂ ಅಳೆದು ಹಂಚಿದ್ದರು. ಅಳತೆಯಲ್ಲಿ ಕೂದಲೆಳೆಯ ತಪ್ಪೂ ಇರಲಿಲ್ಲ.

ತಪ್ಪು ಇದ್ದದ್ದು ಬೇರೆಡೆಯಲ್ಲಿ. ನೇಕಾರನಿಗೆ ೨೪ ಅಥವಾ ೩೨ ಮಗ್ಗ. ಉರುಳೆ ತುಂಬುವವನಿಗೆ ೪೦ರಿಂದ ೫೦. ಹಾಸು ಕೂಡಿಸುವವನಿಗೆ ಇನ್ನೂ ಹೆಚ್ಚು. ಎಣ್ಣೆಯವನಿಗೆ ಅದಕ್ಕೂ ಹೆಚ್ಚು. ಆದಕಾರಣ ಒಬ್ಬ ನೇಕಾರನಿಗೆ ಇವನೇ ನನ್ನ ಜೊತೆಗಾರನೆಂದು ಹೇಳಿಕೊಳ್ಳಲು ಒಬ್ಬ ಇಡೀ ಮನುಷ್ಯನೂ ದೊರೆಯುತ್ತಿರಲಿಲ್ಲ. ಒಬ್ಬನ ಅರ್ಧ, ಇನ್ನೊಬ್ಬನ ಕಾಲು, ಮತ್ತೊಬ್ಬನ ಅರೆಕಾಲು ಅವನ ಪಾಲಿಗೆ ಬರುತ್ತಿತ್ತು. ಎಳೆ ಹರಿದಾಗ ಕೂಡಿಸುವವನು ಬೇರೊಬ್ಬನ ಮಗ್ಗದ ಹತ್ತಿರವಿರುತ್ತಿದ್ದನು. ಬಟ್ಟೆ ಕೆಟ್ಟರೆ ಅದು ಯಾರ ತಪ್ಪೂ ಅಲ್ಲ, ಏಕೆಂದರೆ ಪೂರ್ತಿ ಬಟ್ಟೆ ಯಾರ ಕೆಲಸವೂ ಅಲ್ಲ. ರೈಸ್ ಮುಂದಿಟ್ಟ ಸಲಹೆ ಸರಳವಾದದ್ದು: ಸಣ್ಣ ಸಣ್ಣ ಗುಂಪುಗಳನ್ನು ಮಾಡಿ, ಒಂದೊಂದು ಗುಂಪಿಗೂ ಅಕ್ಕಪಕ್ಕದ ಇಷ್ಟು ಮಗ್ಗಗಳೆಂದು ಒಪ್ಪಿಸಿ, ಒಳಗಿನ ಕೆಲಸವನ್ನು ಅವರೇ ಹಂಚಿಕೊಳ್ಳಲಿ. ಈ ಮಾತು ಕಿವಿಗೆ ಬಿದ್ದದ್ದೇ ತಡ, ಮೇಲ್ವಿಚಾರಕರೂ ಕೆಲಸಗಾರರೂ ಯಾರಿಗಾಗಿಯೂ ಕಾಯಲಿಲ್ಲ. ಯಾರು ಯಾರ ಗುಂಪೆಂಬುದನ್ನು ತಾವೇ ಕುಳಿತು ಗೊತ್ತುಮಾಡಿಕೊಂಡು ಬಂದರು. ಮೊದಲು ಕೆಲವು ಏರುಪೇರುಗಳಾದವು. ವೇಗ ಹೆಚ್ಚಿದಾಗ ಬಟ್ಟೆ ಕೆಟ್ಟದ್ದೂ ಉಂಟು. ನೆಲೆ ನಿಂತಮೇಲೆ ಮಗ್ಗಗಳ ದಕ್ಷತೆ ಶೇಕಡ ೮೦ರಿಂದ ೯೫ಕ್ಕೆ ಏರಿತು. ದೋಷವುಳ್ಳ ಬಟ್ಟೆ ಶೇಕಡ ೩೨ರಿಂದ ೨೦ಕ್ಕೆ ಇಳಿಯಿತು. ಮಗ್ಗಗಳು ಅವೇ, ನೂಲು ಅದೇ, ಜನರೂ ಅವರೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಬಹು ಚೆನ್ನಾಗಿತ್ತು. ರೈಸನ ಸಹೋದ್ಯೋಗಿಯಾಗಿದ್ದ ಎರಿಕ್ ಮಿಲ್ಲರ್ ಸುಮಾರು ಎರಡು ದಶಕಗಳ ಬಳಿಕ ಆ ಗಿರಣಿಗೆ ಮರಳಿ ಹೋಗಿ ನೋಡಿದನು. ಒಂದು ಕಡೆ ಗುಂಪುಗಳ ಪದ್ಧತಿ ಹಾಗೆಯೇ ಬಾಳಿ ಬಂದಿತ್ತು. ಇತರ ಕಡೆಗಳಲ್ಲಿ ಮಾರುಕಟ್ಟೆಯ ಒತ್ತಡ ಬಂದಾಗ ಮೇಲಿನವರು ಒಂದೊಂದಾಗಿ ಕೈ ಹಾಕುತ್ತ ಹೋಗಿ, ಹಳೆಯ ಪದ್ಧತಿಯೇ ಬೇರೆ ದಾರಿಯಿಂದ ಒಳಕ್ಕೆ ಬಂದಿತ್ತು.

ಇಷ್ಟು ಹೇಳಿದಮೇಲೂ ವಿಜ್ಞಾನದ ದೃಷ್ಟಿಯ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಒಂದು ಗಿರಣಿಯಲ್ಲಿ ಫಲ ಕಂಡರೆ ಅದು ಪದ್ಧತಿಯ ಫಲವೋ, ಆ ವರ್ಷದ ಹತ್ತಿ ಒಳ್ಳೆಯದಾಗಿತ್ತೋ, ಹೊರಗಿನವರು ಬಂದು ನೋಡುತ್ತಿದ್ದಾರೆಂಬ ಹುರುಪೋ, ಹೇಗೆ ಹೇಳುವುದು? ಔಷಧವನ್ನು ಪರೀಕ್ಷಿಸುವಾಗ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ಹೋಲಿಸುತ್ತಾರೆ. ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆಡಳಿತವೆಂಬ ಔಷಧವನ್ನು ಹಾಗೆ ಪರೀಕ್ಷಿಸಲು ಸಾಧ್ಯವೆ?

ಸಾಧ್ಯವೆಂದು ತೋರಿಸಿದ ಪ್ರಯೋಗವೂ ಭಾರತದ ಮಗ್ಗಗಳ ನಡುವೆಯೇ ನಡೆಯಿತು. ನಿಕೊಲಸ್ ಬ್ಲೂಮ್ ಮತ್ತು ಅವರ ಸಂಗಡಿಗರಾದ ಅರ್ಥಶಾಸ್ತ್ರಜ್ಞರು ೨೦೦೮ರಲ್ಲಿ ಮುಂಬಯಿಯ ಹತ್ತಿರದ ನೇಯ್ಗೆಯ ಕಾರ್ಖಾನೆಗಳಲ್ಲಿ ಇದನ್ನು ಆರಂಭಿಸಿ, ಫಲಿತಾಂಶವನ್ನು ೨೦೧೩ರಲ್ಲಿ ಪ್ರಕಟಿಸಿದರು. ಹದಿನೇಳು ಸಂಸ್ಥೆಗಳ ಇಪ್ಪತ್ತು ಕಾರ್ಖಾನೆಗಳನ್ನು ಆರಿಸಿಕೊಂಡು, ಹದಿನಾಲ್ಕಕ್ಕೆ ತಿಂಗಳುಗಟ್ಟಲೆ ಸಲಹೆಗಾರರನ್ನು ಕಳುಹಿಸಿ ಪದ್ಧತಿಗಳನ್ನು ಕಲಿಸಿದರು. ಉಳಿದ ಆರಕ್ಕೆ ಪರೀಕ್ಷೆ ಮಾತ್ರ, ಚಿಕಿತ್ಸೆಯಿಲ್ಲ. ಕಲಿಸಿದ್ದು ಯಾವ ಗೂಢವಿದ್ಯೆಯೂ ಅಲ್ಲ. ಒಟ್ಟು ಮೂವತ್ತೆಂಟು ರೂಢಿಗಳು: ನೂಲಿನ ದಾಸ್ತಾನನ್ನು ವಿಂಗಡಿಸಿ ಚೀಟಿ ಅಂಟಿಸುವುದು, ಬಟ್ಟೆಯ ದೋಷಗಳನ್ನು ದಿನದಿನವೂ ಬರೆದಿಟ್ಟು ಮರುದಿನ ಕೂಡಿ ಚರ್ಚಿಸುವುದು, ಯಂತ್ರ ಕೆಡುವ ಮೊದಲೇ ಅದನ್ನು ಬಿಚ್ಚಿ ನೋಡುವುದು, ನೆಲವನ್ನು ಗುಡಿಸುವುದು. ಅದಕ್ಕೆ ಮೊದಲು ಆ ಕಾರ್ಖಾನೆಗಳಲ್ಲಿ ನೂಲು ರಾಶಿರಾಶಿಯಾಗಿ ಕೊಳೆಯುತ್ತ ಬಿದ್ದಿರುತ್ತಿತ್ತು. ಯಾವ ರಾಶಿಯಲ್ಲಿ ಯಾವ ಬಣ್ಣವಿದೆಯೆಂಬುದು ತಿಳಿಯದೆ ಇದ್ದ ನೂಲನ್ನೇ ಮತ್ತೆ ಕೊಳ್ಳುತ್ತಿದ್ದರು. ಮೊದಲ ವರ್ಷದಲ್ಲಿಯೇ ಚಿಕಿತ್ಸೆ ಪಡೆದ ಕಾರ್ಖಾನೆಗಳ ಉತ್ಪಾದಕತೆ ಶೇಕಡ ೧೭ರಷ್ಟು ಏರಿತು.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಈ ಅಂಕಿಯಲ್ಲ. ಇಷ್ಟು ಲಾಭವುಳ್ಳ, ಇಷ್ಟು ಸುಲಭವಾದ ರೂಢಿಗಳನ್ನು ಮಾಲೀಕರು ತಾವಾಗಿ ಏಕೆ ಮಾಡಿಕೊಂಡಿರಲಿಲ್ಲ ಎಂದು ಸಂಶೋಧಕರು ವಿಚಾರಿಸಿದರು. ಕೆಲವರಿಗೆ ಅವು ಗೊತ್ತೇ ಇರಲಿಲ್ಲ. ಹಲವರಿಗೆ ಗೊತ್ತಿದ್ದರೂ ನಮಗೇಕೆ ಬೇಕು, ಲಾಭ ಬರುತ್ತಲೇ ಇದೆಯಲ್ಲ ಎಂಬ ಭಾವನೆ. ಹಾಗಾದರೆ ಚೆನ್ನಾಗಿ ನಡೆಯುವ ಸಂಸ್ಥೆಯೊಂದು ಬೆಳೆದು ಇವರನ್ನು ಹಿಂದಿಕ್ಕಬೇಕಾಗಿತ್ತು, ಅದೂ ಏಕಾಗಲಿಲ್ಲ? ಇದಕ್ಕೆ ದೊರೆತ ಉತ್ತರ ವಿಚಿತ್ರವಾಗಿದೆ. ಒಂದು ಸಂಸ್ಥೆ ಎಷ್ಟು ದೊಡ್ಡದಾಗಿ ಬೆಳೆದಿದೆಯೆಂಬುದನ್ನು ಅದರ ಆಡಳಿತದ ಗುಣಕ್ಕಿಂತ ಚೆನ್ನಾಗಿ ತಿಳಿಸುತ್ತಿದ್ದದ್ದು ಆ ಕುಟುಂಬದಲ್ಲಿ ಗಂಡಸರು ಎಷ್ಟು ಮಂದಿ ಇದ್ದಾರೆಂಬ ಎಣಿಕೆ! ಹೊರಗಿನವನನ್ನು ನಂಬಿ ಬೀಗದ ಕೈ ಕೊಟ್ಟರೆ ನೂಲು ಕಳುವಾದೀತೆಂಬ ಭಯ. ಆದಕಾರಣ ಒಂದೊಂದು ಕಾರ್ಖಾನೆಗೂ ಒಬ್ಬ ಅಣ್ಣನೋ ತಮ್ಮನೋ ಮಗನೋ ಬೇಕು. ಗಂಡುಮಕ್ಕಳು ಮುಗಿದಲ್ಲಿಗೆ ಬೆಳವಣಿಗೆಯೂ ಮುಗಿಯಿತು. ಆ ಮನೆಗಳ ಹೆಣ್ಣುಮಕ್ಕಳಲ್ಲಿ ಎಂತೆಂಥ ಪಾರುಪತ್ಯಗಾರ್ತಿಯರಿದ್ದರೋ, ಅವರನ್ನು ಲೆಕ್ಕಕ್ಕೆ ಹಿಡಿದವರಿಲ್ಲ.

ಅದೇ ಸಂಶೋಧಕರು ೨೦೧೭ರಲ್ಲಿ ಮತ್ತೆ ಆ ಕಾರ್ಖಾನೆಗಳಿಗೆ ಹೋದರು. ಕಲಿತ ರೂಢಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು; ಆದರೂ ಕಲಿಯದವರಿಗಿಂತ ಕಲಿತವರು ಇನ್ನೂ ಮುಂದಿದ್ದರು. ರೂಢಿ ತಪ್ಪಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಅದನ್ನು ಬಲ್ಲ ಮ್ಯಾನೇಜರು ಕೆಲಸ ಬಿಟ್ಟು ಬೇರೆ ಕಡೆ ಹೋದದ್ದು. ಕೊಮಾಂತ್ರಿಯ ಕುದುರೆ ಇಲ್ಲಿಯೂ ಕಾಲು ಮುರಿದುಕೊಂಡಿತ್ತೆಂದು ತೋರುತ್ತದೆ.

ಹಾಗಾದರೆ ಒಳ್ಳೆಯ ನಿರ್ವಾಹಕನಿಗೆ ಯಾವ ಶಕ್ತಿಗಳು ಬೇಕು? ೧೯೫೫ರಲ್ಲಿ ರಾಬರ್ಟ್ ಕಾಟ್ಜ್ ಎಂಬ ಅಮೆರಿಕದ ವಿದ್ವಾಂಸನು ಮೂರನ್ನು ಹೇಳಿದನು: ಕೈಕೆಳಗಿನ ಕೆಲಸದ ತಿಳಿವಳಿಕೆ, ಜನರೊಡನೆ ನಡೆದುಕೊಳ್ಳುವ ತಿಳಿವಳಿಕೆ, ಸಂಸ್ಥೆಯ ಒಂದು ತುದಿಯನ್ನು ಅಲುಗಿಸಿದರೆ ಇನ್ನೊಂದು ತುದಿ ಏನಾದೀತೆಂದು ಒಟ್ಟಾಗಿ ಕಾಣುವ ತಿಳಿವಳಿಕೆ. ಇವು ನಿಜವೇ ಆದರೂ ಗುಣಗಳ ಪಟ್ಟಿಗಳನ್ನು ಓದುವಾಗ ನನಗೆ ಜಾತಕ ಓದಿದಂತಾಗುತ್ತದೆ. ಅದಕ್ಕಿಂತ ಆ ಮನುಷ್ಯನು ದಿನವಿಡೀ ಏನು ಮಾಡುತ್ತಾನೆಂದು ಹಿಂದೆ ನಿಂತು ನೋಡುವುದು ಮೇಲು. ಕೆನಡದ ಹೆನ್ರಿ ಮಿಂಟ್ಸ್‌ಬರ್ಗ್ ಹಾಗೆಯೇ ಮಾಡಿದನು. ಐವರು ಮುಖ್ಯಾಧಿಕಾರಿಗಳ ಬಳಿ ಒಂದೊಂದು ವಾರವಿದ್ದು ಪ್ರತಿ ಕೆಲಸವನ್ನೂ ಬರೆದುಕೊಂಡು ೧೯೭೩ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ದೊಡ್ಡ ಅಧಿಕಾರಿಯೆಂದರೆ ಏಕಾಂತದಲ್ಲಿ ಕುಳಿತು ದೂರದ ಯೋಜನೆಗಳನ್ನು ಹಾಕುವವನೆಂದು ನಾವು ಭಾವಿಸುತ್ತೇವೆ. ಮಿಂಟ್ಸ್‌ಬರ್ಗ್ ಕಂಡದ್ದು ಬೇರೆ. ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷದೊಳಗೆ ಮುಗಿಯುತ್ತಿದ್ದವು. ಒಂದು ಗಂಟೆಗೆ ಮೀರಿದ್ದು ಹತ್ತರಲ್ಲಿ ಒಂದು. ಹೊತ್ತಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಗುತ್ತಿದ್ದದ್ದು ಮಾತಿನಲ್ಲಿ. ಒಬ್ಬ ಬಂದ, ಒಬ್ಬ ಹೋದ, ಟೆಲಿಫೋನು ಬಾರಿಸಿತು, ಯಾರೋ ದೂರು ತಂದರು. ಥೇಟು ಮದುವೆಯ ಮನೆಯ ಯಜಮಾನರೇ.

ಹೀಗಿರಲು, ಕೇಳಿಸಿಕೊಳ್ಳುವುದೇ ಈ ವೃತ್ತಿಯ ಮುಖ್ಯ ಕರಣವೆಂದು ಹೇಳಬೇಕಾಗುತ್ತದೆ. ವೈದ್ಯನು ನಾಡಿ ಹಿಡಿದು ನೋಡುವಂತೆ ನಿರ್ವಾಹಕನು ಮಾತು ಹಿಡಿದು ನೋಡಬೇಕು. ಹೇಳಿದ್ದರಲ್ಲಿ ಹೇಳದೆ ಉಳಿದದ್ದು ಯಾವುದು? ಒಳ್ಳೆಯ ಸುದ್ದಿಯನ್ನು ತರಲು ನೂರು ಜನ ಓಡಿಬರುತ್ತಾರೆ. ಕೆಟ್ಟ ಸುದ್ದಿಗೆ ಕಾಲಿಲ್ಲ. ಅದು ತಾನಾಗಿ ಮೇಲಕ್ಕೆ ಏರಿ ಬರಬೇಕಾದರೆ ತಂದವನಿಗೆ ಏಟು ಬೀಳುವುದಿಲ್ಲವೆಂಬ ನಂಬಿಕೆ ಮೊದಲು ಹುಟ್ಟಿರಬೇಕು. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್‌ಎಲ್‌ವಿ-೩ ರಾಕೆಟ್ಟು ಎರಡನೆಯ ಹಂತದ ನಿಯಂತ್ರಣ ಕೆಟ್ಟು ಸಮುದ್ರಕ್ಕೆ ಬಿದ್ದಾಗ ನಡೆದದ್ದನ್ನು ನಮ್ಮ ಓದುಗರು ಕೇಳಿಯೇ ಇರುತ್ತಾರೆ. ಯೋಜನೆಯ ಹೊಣೆ ಹೊತ್ತಿದ್ದವರು ಅಬ್ದುಲ್ ಕಲಾಂ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್ ಅವರು ಪತ್ರಕರ್ತರ ಮುಂದೆ ತಾವೇ ಕುಳಿತು ಸೋಲನ್ನು ತಮ್ಮದೆಂದು ಒಪ್ಪಿಕೊಂಡರು. ೧೯೮೦ರ ಜುಲೈ ೧೮ರಂದು ಗೆಲುವು ಬಂದಾಗ ಪತ್ರಕರ್ತರ ಮುಂದಕ್ಕೆ ಕಲಾಂ ಅವರನ್ನು ಕಳುಹಿಸಿದರು. ಇದನ್ನು ಔದಾರ್ಯವೆಂದು ಹೊಗಳುತ್ತಾರೆ; ಔದಾರ್ಯ ನಿಜ. ಆದರೆ ಆ ಹನ್ನೊಂದು ತಿಂಗಳುಗಳಲ್ಲಿ ಎಲ್ಲಿ ಸೋರಿತು, ಯಾವುದು ತಪ್ಪಿತು ಎಂಬುದನ್ನು ಜನರು ಮುಚ್ಚಿಡದೆ ಹೇಳಬೇಕಾಗಿತ್ತು. ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನರಿಯೆ.

ಇನ್ನು ವೃತ್ತಿಯೆಂಬ ಮಾತಿಗೆ ಬರೋಣ. ವೈದ್ಯನಿಗೂ ವಕೀಲನಿಗೂ ಸನ್ನದು ಬೇಕು. ತಪ್ಪು ನಡೆದರೆ ಅದನ್ನು ಕಸಿದುಕೊಳ್ಳುವ ಮಂಡಲಿಯುಂಟು. ಮ್ಯಾನೇಜರನಿಗೆ ಇವೆರಡೂ ಇಲ್ಲ. ಶಾಲೆಗಳೇನೋ ಹೇರಳವಾಗಿವೆ. ಅಮೆರಿಕದಲ್ಲಿ ಹಾರ್ವರ್ಡ್ ಶಾಲೆ ೧೯೦೮ರಲ್ಲಿ ತೆರೆಯಿತು. ಭಾರತ ಸರಕಾರದ ಮೊದಲ ಎರಡು ನಿರ್ವಹಣಾ ಸಂಸ್ಥೆಗಳು ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ೧೯೬೧ರಲ್ಲಿಯೂ, ಬೆಂಗಳೂರಿನದು ೧೯೭೩ರಲ್ಲಿಯೂ ಪ್ರಾರಂಭವಾದವು. ೨೦೦೮ರ ಆರ್ಥಿಕ ಕುಸಿತದ ಮರುವರ್ಷ ಹಾರ್ವರ್ಡಿನ ವಿದ್ಯಾರ್ಥಿಗಳಲ್ಲಿ ಹಲವರು ಸೇರಿ ವೈದ್ಯರ ಪ್ರತಿಜ್ಞೆಯಂತೆ ತಮಗೂ ಒಂದು ಪ್ರತಿಜ್ಞೆಯನ್ನು ರಚಿಸಿ ರುಜು ಹಾಕಿದರು. ಒಳ್ಳೆಯ ಉದ್ದೇಶವೇ, ಆದರೆ ಮುರಿದವನನ್ನು ಕೇಳುವವರಿಲ್ಲದ ಪ್ರತಿಜ್ಞೆ ಎಷ್ಟು ದಿನ ಬಾಳೀತು? ಸನ್ನದಿಲ್ಲದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೆಂದೂ ತೋರುತ್ತದೆ. ಸನ್ನದನ್ನು ಕಡ್ಡಾಯ ಮಾಡಿದ್ದರೆ ಕೂಲಿಗಾರನಾಗಿ ಸೇರಿ ಮೇಲಕ್ಕೆ ಬಂದವರಿಗೆ ಬಾಗಿಲು ಮುಚ್ಚುತ್ತಿತ್ತು.

ಈ ಶಾಲೆಗಳ ಪೈಕಿ ಅಹಮದಾಬಾದಿನದರ ಮೊದಲ ಪೂರ್ಣಾವಧಿ ನಿರ್ದೇಶಕರಾಗಿ ೧೯೬೫ರಲ್ಲಿ ಬಂದವರು ರವಿ ಜಾನ್ ಮತ್ತಾಯಿ. ಏಳು ವರ್ಷ ಆ ಸಂಸ್ಥೆಯನ್ನು ಕಟ್ಟಿದರು. ೧೯೭೨ರಲ್ಲಿ, ಯಾರೂ ಹೋಗೆನ್ನದಿರುವಾಗ, ಕೀರ್ತಿ ಏರುತ್ತಿರುವಾಗ, ತಾವಾಗಿ ಆ ಸ್ಥಾನವನ್ನು ಬಿಟ್ಟುಕೊಟ್ಟು ಅದೇ ಸಂಸ್ಥೆಯಲ್ಲಿ ಸಾಮಾನ್ಯ ಪ್ರಾಧ್ಯಾಪಕರಾಗಿ ಕುಳಿತರು. ನಿನ್ನೆ ಮುಖ್ಯಸ್ಥನಾಗಿದ್ದವನು ಇಂದು ಪಕ್ಕದ ಕೊಠಡಿಯಲ್ಲಿ ಪಾಠ ಹೇಳುವುದು ನಮ್ಮ ದೇಶದಲ್ಲಿ ಅಪೂರ್ವವಾದ ಸಂಗತಿ. ಅವರ ಬಳಿಕ ಬಂದ ಸ್ಯಾಮುಯೆಲ್ ಪಾಲ್ ಅವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ನೀರು, ವಿದ್ಯುತ್ತು ಮೊದಲಾದ ಕಚೇರಿಗಳಿಗೆ ನಾಗರಿಕರಿಂದಲೇ ಅಂಕ ಹಾಕಿಸುವ ಪದ್ಧತಿಯನ್ನು ೧೯೯೦ರ ದಶಕದಲ್ಲಿ ತಂದರು. ಮೊಹರಿಗಾಗಿ ಮೂರು ದಿನ ಅಲೆದ ನನ್ನಂಥವರಿಗೆ ಅದು ಬಹಳ ಸಮಾಧಾನ ತಂದ ಸುದ್ದಿ.

ಮತ್ತಾಯಿಯವರು ಆಮೇಲೆ ಹಿಡಿದ ದಾರಿ ಇನ್ನೂ ವಿಶೇಷವಾದದ್ದು. ೧೯೭೫ರ ಹೊತ್ತಿಗೆ ಅವರು ರಾಜಸ್ಥಾನದ ಜವಾಜಾ ಎಂಬ ಬರಡು ಸೀಮೆಗೆ ಹೋದರು. ಅಲ್ಲಿ ನೀರಿಲ್ಲ, ಬೆಳೆಯಿಲ್ಲ. ಇದ್ದದ್ದು ನೇಕಾರರ ಮತ್ತು ಚರ್ಮದ ಕೆಲಸದವರ ಕೈಗಳು, ಆ ಕೈಗಳನ್ನು ಸಾಲದಲ್ಲಿ ಹಿಡಿದಿಟ್ಟಿದ್ದ ಮಧ್ಯವರ್ತಿಗಳು. ದೊಡ್ಡ ಕಂಪನಿಗಳಿಗೆಂದು ಕಲಿಸುತ್ತಿದ್ದ ವಿದ್ಯೆ ಈ ಜನರಿಗೆ ಏಕೆ ಬರಬಾರದೆಂಬುದು ಅವರ ಪ್ರಶ್ನೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರೂ ಜೊತೆಗೂಡಿದರು. ನೂಲು ಮತ್ತು ಚರ್ಮವನ್ನು 어디ಿಂದಲೋ ಸಾಲಕ್ಕೆ ತರದೆ ಒಟ್ಟಾಗಿ ಕೊಳ್ಳುವುದು, ಒಂದು ಚೀಲಕ್ಕೆ ತಗುಲಿದ ಖರ್ಚನ್ನು ಲೆಕ್ಕ ಹಾಕಿ ಬೆಲೆ ಕಟ್ಟುವುದು, ಸರಕಿನ ಗುಣವನ್ನು ತಾವೇ ಪರೀಕ್ಷಿಸುವುದು, ಬ್ಯಾಂಕಿನವರ ಎದುರಿಗೆ ಕುಳಿತು ಮಾತನಾಡುವುದು, ಪಟ್ಟಣದ ಅಂಗಡಿಗೆ ಹೋಗಿ ಮಾರುವುದು. ಹೀಗೆ ಫಯೋಲನ ಐದು ಕಾರ್ಯಗಳೂ ಅಲ್ಲಿ ಮಗ್ಗದ ಗುಂಡಿಯ ಬಳಿಗೆ ಬಂದವು. ಪ್ರಾಧ್ಯಾಪಕರು ಎಂದಾದರೊಂದು ದಿನ ಹೊರಟುಹೋಗುತ್ತಾರೆ, ಆ ದಿನಕ್ಕೆ ಈಗಿನಿಂದಲೇ ಸಿದ್ಧವಾಗಬೇಕು ಎಂಬುದನ್ನು ಮೊದಲೇ ತಿಳಿಸಿದ್ದರು. ಕೆಲಸ ಬಹು ನಿಧಾನವಾಗಿ ಸಾಗಿತು. ಜಗಳಗಳಾದವು, ಸರಕು ಮಾರಾಟವಾಗದೆ ಕುಳಿತದ್ದೂ ಉಂಟು. ಮತ್ತಾಯಿಯವರು ೧೯೮೪ರಲ್ಲಿ ತೀರಿಕೊಂಡರು. ಆಮೇಲೂ ಜವಾಜಾದ ಕುಶಲಕರ್ಮಿಗಳ ಸಂಘವು ತನ್ನ ಚೀಲಗಳನ್ನೂ ಕಂಬಳಿಗಳನ್ನೂ ತಾನೇ ಬೆಲೆ ಕಟ್ಟಿ ಮಾರುತ್ತ ಬಂದಿತು.